ಎಷ್ಟು ಮಂದಿ, ಎಷ್ಟು ದಿನದಿಂದ? ನಿರುದ್ಯೋಗದ ಅಂಕಿಗಳನ್ನು ಓದುವ ಬಗೆ

ಪತ್ರಿಕೆಗಳಲ್ಲಿ ಪಿಎಲ್‌ಎಫ್‌ಎಸ್ ಎಂದು ಕಾಣಿಸಿಕೊಳ್ಳುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯು 2023ರ ಜುಲೈನಿಂದ 2024ರ ಜೂನ್‌ವರೆಗಿನ ಅವಧಿಗೆ ನೀಡಿದ ಲೆಕ್ಕದಂತೆ, ಭಾರತದಲ್ಲಿ 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ದರ ಶೇ 3.2. ಅದೇ ವರದಿಯಲ್ಲಿ 15ರಿಂದ 29 ವರ್ಷದವರನ್ನು ಮಾತ್ರ ತೆಗೆದುಕೊಂಡರೆ ದರ ಶೇ 10.2ಕ್ಕೆ ಏರುತ್ತದೆ. ಆ ವಯಸ್ಸಿನವರನ್ನೇ ರಾಜ್ಯವಾರು ಬಿಡಿಸಿ ನೋಡಿದರೆ ಕೇರಳದಲ್ಲಿ ಶೇ 29.9, ಮಧ್ಯಪ್ರದೇಶದಲ್ಲಿ ಶೇ 2.6. ಅಂಕಿಗಳನ್ನು ಇದ್ದಂತೆಯೇ ನಂಬಿದರೆ, ಮಧ್ಯಪ್ರದೇಶದ ಯುವಕರಿಗೆ ಹೋಲಿಸಿದಾಗ ಕೇರಳದ ಯುವಕರ ಪಾಡು ಹನ್ನೊಂದು ಪಟ್ಟು ಕೆಟ್ಟದ್ದು ಎನ್ನಬೇಕಾಗುತ್ತದೆ. ಆದರೆ ಗ್ರಾಮೀಣ ಕಾರ್ಮಿಕರಿಗೆ ದೇಶದಲ್ಲೇ ಅತಿ ಹೆಚ್ಚಿನ ದಿನಗೂಲಿ ದೊರೆಯುವುದು ಕೇರಳದಲ್ಲಿ. ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಲಕ್ಷಾಂತರ ಜನ ಕೆಲಸ ಹುಡುಕಿಕೊಂಡು ಬರುವುದೂ ಅಲ್ಲಿಗೇ. ಕೆಲಸವಿಲ್ಲದ ಯುವಕರು ಇಷ್ಟೊಂದು ಮಂದಿ ಇರುವ ನಾಡಿಗೆ ಹೊರಗಿನವರು ಕೆಲಸಕ್ಕಾಗಿ ಏಕೆ ಬರುತ್ತಾರೆ?

ಒಂದೇ ಒಂದು ದರವನ್ನು ಕೈಯಲ್ಲಿ ಹಿಡಿದು ಈ ಪ್ರಶ್ನೆಗೆ ಉತ್ತರ ಹುಡುಕಲಾಗದು. ಆ ದರವನ್ನು ಮೂರು ಕಡೆಯಿಂದ ಬಿಡಿಸಬೇಕು: ಯಾವ ಪ್ರದೇಶ, ಯಾವ ವಯಸ್ಸು, ಮತ್ತು ಎಷ್ಟು ಕಾಲದಿಂದ. ನಮ್ಮಲ್ಲಿ ಮೊದಲ ಎರಡರ ಬಗ್ಗೆ ಆಗಾಗ ಚರ್ಚೆ ನಡೆಯುತ್ತದೆ. ಮೂರನೆಯದನ್ನು ಕೇಳುವವರು ವಿರಳ. ನನ್ನ ಅಭಿಪ್ರಾಯದಲ್ಲಿ ಪರಿಹಾರದ ದಾರಿಯನ್ನು ಹೆಚ್ಚು ಖಚಿತವಾಗಿ ತೋರಿಸುವುದು ಆ ಮೂರನೆಯ ಪ್ರಶ್ನೆಯೇ ಆದ್ದರಿಂದ, ಈ ಲೇಖನದ ಬಹುಪಾಲು ಅದಕ್ಕೇ ಮೀಸಲು.

ಮೊದಲು, ನಿರುದ್ಯೋಗಿ ಎಂದರೆ ಯಾರು? ಕೆಲಸ ಇಲ್ಲದವರೆಲ್ಲ ನಿರುದ್ಯೋಗಿಗಳಲ್ಲ. ಕಾಲೇಜಿಗೆ ಹೋಗುವ ಹುಡುಗಿ, ಮನೆವಾರ್ತೆಯನ್ನಷ್ಟೇ ನೋಡಿಕೊಳ್ಳುವ ಗೃಹಿಣಿ, ನಿವೃತ್ತರಾದ ಶಿಕ್ಷಕರು ಇವರು ಯಾರೂ ಈ ಲೆಕ್ಕಕ್ಕೆ ಬರುವುದಿಲ್ಲ. ಕೆಲಸವಿಲ್ಲದೆ ಇದ್ದು, ಅದನ್ನು ಹುಡುಕುತ್ತಿರುವ ಅಥವಾ ಸಿಕ್ಕರೆ ಮಾಡಲು ಸಿದ್ಧರಿರುವ ವ್ಯಕ್ತಿ ಮಾತ್ರ ನಿರುದ್ಯೋಗಿ. ಅಂಥವರನ್ನೂ ಕೆಲಸದಲ್ಲಿರುವವರನ್ನೂ ಕೂಡಿಸಿದರೆ ಬರುವ ಮೊತ್ತ ಕಾರ್ಮಿಕ ಬಲ. ಆ ಮೊತ್ತದಲ್ಲಿ ನಿರುದ್ಯೋಗಿಗಳ ಪಾಲೇ ನಿರುದ್ಯೋಗ ದರ. ಭಾಗಿಸುವ ಸಂಖ್ಯೆ ಒಟ್ಟು ಜನಸಂಖ್ಯೆಯಲ್ಲ ಎಂಬುದನ್ನು ಮರೆತರೆ ಮುಂದಿನದೆಲ್ಲ ತಪ್ಪಾಗುತ್ತದೆ. ಒಂದು ಊರಿನ ನೂರು ಯುವಜನರಲ್ಲಿ ಅರವತ್ತು ಮಂದಿ ಓದುತ್ತಲೋ ಮನೆಯಲ್ಲೋ ಇದ್ದು, ಉಳಿದ ನಲವತ್ತರಲ್ಲಿ ಹನ್ನೆರಡು ಮಂದಿಗೆ ಕೆಲಸವಿಲ್ಲ ಎಂದುಕೊಳ್ಳೋಣ. ನಿರುದ್ಯೋಗ ದರ ಶೇ 30. ಆದರೆ ಕೆಲಸ ಹುಡುಕುತ್ತ ಕುಳಿತವರು ನೂರಕ್ಕೆ ಹನ್ನೆರಡು ಮಂದಿ ಮಾತ್ರ. ಕೇರಳದ ಶೇ 29.9 ಎಂಬ ಅಂಕಿಯನ್ನು ‘ಪ್ರತಿ ಹತ್ತು ಯುವಕರಲ್ಲಿ ಮೂವರು ನಿರುದ್ಯೋಗಿಗಳು’ ಎಂದು ಓದುವುದು ಈ ಕಾರಣಕ್ಕೆ ತಪ್ಪು.

ಇನ್ನೊಂದು ತೊಡಕು, ಯಾವ ಕಾಲಾವಧಿಯನ್ನು ನೋಡಿ ನಿರ್ಧರಿಸುತ್ತಾರೆ ಎಂಬುದು. ಸಮೀಕ್ಷೆಯು ‘ಸಾಮಾನ್ಯ ಸ್ಥಿತಿ’ ಎಂದು ಕರೆಯುವ ಅಳತೆ ಹಿಂದಿನ 365 ದಿನಗಳನ್ನು ನೋಡುತ್ತದೆ. ‘ಚಾಲ್ತಿ ವಾರದ ಸ್ಥಿತಿ’ ಎಂಬ ಅಳತೆ ಹಿಂದಿನ ಏಳು ದಿನಗಳನ್ನಷ್ಟೇ ನೋಡುತ್ತದೆ. ವಾರದ ಅಳತೆಯಲ್ಲಿ ಏಳು ದಿನಗಳ ಪೈಕಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಆ ವ್ಯಕ್ತಿ ಉದ್ಯೋಗಿಯೇ. ವರ್ಷದ ಅಳತೆಯಲ್ಲಿ ಹತ್ತು ತಿಂಗಳು ಕೆಲಸ ಹುಡುಕಿ, ಬಿತ್ತನೆಯ ಕಾಲದಲ್ಲಿ ನಲವತ್ತು ದಿನ ಕೂಲಿಗೆ ಹೋದ ಯುವಕನೂ ಉದ್ಯೋಗಿಯಾಗಿಬಿಡುತ್ತಾನೆ, ಏಕೆಂದರೆ 30 ದಿನಗಳ ಪೂರಕ ಕೆಲಸವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಅವನ ಹತ್ತು ತಿಂಗಳ ಅಲೆದಾಟ ಆ ಅಂಕಿಯೊಳಗೆ ಮುಚ್ಚಿಹೋಗುತ್ತದೆ. 2025ರ ಏಪ್ರಿಲ್ ತಿಂಗಳಿಗೆ ಪ್ರಕಟವಾದ ಶೇ 5.1 ಎಂಬ ದರ ವಾರದ ಅಳತೆಯದು. ಅದನ್ನು ವರ್ಷದ ಅಳತೆಯ ಶೇ 3.2ರ ಪಕ್ಕದಲ್ಲಿಟ್ಟು ‘ನಿರುದ್ಯೋಗ ಏರಿತು’ ಎಂದು ಹೇಳುವಂತಿಲ್ಲ.

ಈಗ ವಯಸ್ಸಿನ ವಿಷಯ. ಯುವಕರ ದರ ಎಲ್ಲ ದೇಶಗಳಲ್ಲೂ ಸಾಮಾನ್ಯವಾಗಿ ಒಟ್ಟು ದರಕ್ಕಿಂತ ಹೆಚ್ಚೇ ಇರುತ್ತದೆ. ಓದು ಮುಗಿಸಿ ಹೊರಬರುವ ಪ್ರತಿಯೊಬ್ಬರೂ ಮೊದಲ ಕೆಲಸ ಸಿಗುವವರೆಗೆ ಒಂದಷ್ಟು ದಿನ ಹುಡುಕಲೇಬೇಕು. ಸಿಕ್ಕ ಮೊದಲ ಕೆಲಸ ಹೊಂದದೆ ಬಿಡುವವರೂ ಅವರೇ ಹೆಚ್ಚು. ಕಂಪನಿ ಜನರನ್ನು ಕಡಿಮೆ ಮಾಡುವಾಗ ಮೊದಲು ಹೊರಬೀಳುವವರೂ ಹೊಸಬರೇ. ಭಾರತದಲ್ಲಿ ಇದಕ್ಕೆ ಮತ್ತೊಂದು ಕಾರಣ ಸೇರಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಪದವೀಧರ ಯುವಜನರ ನಿರುದ್ಯೋಗ ದರ ಶೇ 29.1 ಇದ್ದರೆ, ಓದು ಬರಹ ಬಾರದ ಯುವಜನರ ದರ ಶೇ 3.4 ಇತ್ತು. ಓದದವರಿಗೆ ಒಳ್ಳೆಯ ಕೆಲಸ ಕಾದಿದೆ ಎಂದು ಇದರ ಅರ್ಥವಲ್ಲ. ಅವರಿಗೆ ಕಾಯುವ ಶಕ್ತಿ ಇಲ್ಲ. ಇಂದು ದುಡಿಯದಿದ್ದರೆ ನಾಳೆ ಒಲೆ ಹೊತ್ತದ ಮನೆಯ ಹುಡುಗ ಯಾವ ಕೂಲಿ ಸಿಕ್ಕರೂ ಹೋಗುತ್ತಾನೆ, ಸಮೀಕ್ಷೆಯವರು ಬಂದಾಗ ಉದ್ಯೋಗಿ ಎಂದೇ ದಾಖಲಾಗುತ್ತಾನೆ. ಪದವಿ ಪಡೆದು, ಇನ್ನೂ ಎರಡು ವರ್ಷ ಸಾಕುವ ತಂದೆತಾಯಿ ಇರುವ ಹುಡುಗಿ ತನ್ನ ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾಳೆ, ನಿರುದ್ಯೋಗಿ ಎಂದು ದಾಖಲಾಗುತ್ತಾಳೆ. ಕೇರಳದ ಒಗಟಿನ ದೊಡ್ಡ ಭಾಗ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ಓದಿದವರು ಹೆಚ್ಚಿರುವ, ಗಲ್ಫ್ ದೇಶಗಳಿಂದ ಹಣ ಬರುವ ಮನೆಗಳಿರುವ ಆ ರಾಜ್ಯದಲ್ಲಿ ಯುವಜನರು ಬಯಸುವ ಕೆಲಸ ಒಂದು, ಅಲ್ಲಿ ಸುಲಭವಾಗಿ ಸಿಗುವ ಕೆಲಸ ಇನ್ನೊಂದು. ಕೇರಳದ 15ರಿಂದ 29 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ನಿರುದ್ಯೋಗ ದರ ಶೇ 47.1, ಗಂಡುಮಕ್ಕಳಲ್ಲಿ ಶೇ 19.3 ಎಂಬುದನ್ನು ಗಮನಿಸಿದರೆ, ಆ ಕಾಯುವಿಕೆಯ ಭಾರ ಯಾರ ಮೇಲೆ ಹೆಚ್ಚು ಬಿದ್ದಿದೆ ಎಂಬುದೂ ತಿಳಿಯುತ್ತದೆ.

ಮೂವತ್ತು ದಾಟಿದ ಮೇಲೆ ದರ ಕುಸಿಯುತ್ತದೆ. ಇದನ್ನು ನೆಮ್ಮದಿಯ ಸುದ್ದಿ ಎಂದು ಓದುವವರು ಸ್ವಲ್ಪ ತಡೆಯಬೇಕು. ನಿರುದ್ಯೋಗಿಗಳ ಪಟ್ಟಿಯಿಂದ ಹೊರಬರಲು ಎರಡು ಬಾಗಿಲುಗಳಿವೆ: ಒಂದು ಕೆಲಸದ ಕಡೆಗೆ, ಇನ್ನೊಂದು ಹುಡುಕಾಟವನ್ನೇ ಕೈಬಿಡುವ ಕಡೆಗೆ. ಮದುವೆಯಾಗಿ ಬೇರೆ ಊರಿಗೆ ಹೋದ ಬಿ.ಎಡ್. ಪದವೀಧರೆ ಕೆಲಸ ಹುಡುಕುವುದನ್ನು ನಿಲ್ಲಿಸಿದರೆ ದರ ಇಳಿಯುತ್ತದೆ. ಆಕೆಗೆ ಕೆಲಸ ಸಿಕ್ಕಿದ್ದರೂ ದರ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತಿತ್ತು. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ ನಲವತ್ತೈದರ ಹೆಂಗಸು ಮರುವಾರವೇ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯಲು ಹೋದರೆ ಆಕೆ ನಿರುದ್ಯೋಗಿಯಲ್ಲ. ಪಿಎಫ್ ಹೋಯಿತು, ಇಎಸ್‌ಐ ಹೋಯಿತು, ಸಂಬಳ ಇಳಿಯಿತು. ಆದರೆ ನಿರುದ್ಯೋಗದ ಅಂಕಿ ಕದಲಲಿಲ್ಲ.

ಪ್ರದೇಶದ ಪ್ರಶ್ನೆಯೂ ನೋಡಿದಷ್ಟು ಸರಳವಲ್ಲ, ಏಕೆಂದರೆ ಜನ ಒಂದೇ ಕಡೆ ನಿಲ್ಲುವುದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು; ಅವುಗಳಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 21 ಆಗಿನ ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ಹಿಂದುಳಿದ ಕಡೆ ನಿರುದ್ಯೋಗ ದರವೂ ಎತ್ತರದಲ್ಲಿರಬೇಕು ಎಂದು ಯಾರಿಗಾದರೂ ತೋಚುತ್ತದೆ. ಆದರೆ ರಾಯಚೂರು, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕೆಲಸ ನಿಂತಾಗ ಜನ ಕೈಕಟ್ಟಿ ಕೂರುವುದಿಲ್ಲ, ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡಗಳ ಕೆಳಗೆ, ತಗಡಿನ ಶೆಡ್ಡುಗಳಲ್ಲಿ ಬಿಡಾರ ಹೂಡುತ್ತಾರೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಊರು ಬಿಟ್ಟವರನ್ನು ಸಮೀಕ್ಷೆ ಆ ಮನೆಯ ಸದಸ್ಯರೆಂದು ಪರಿಗಣಿಸುವುದಿಲ್ಲ. ಹೀಗಾಗಿ ಊರಿನಲ್ಲಿ ಇದ್ದಿದ್ದರೆ ನಿರುದ್ಯೋಗಿಯಾಗುತ್ತಿದ್ದ ಮನುಷ್ಯ ಊರಿನ ಲೆಕ್ಕದಿಂದಲೇ ಕಾಣೆಯಾಗುತ್ತಾನೆ, ಕೆಲಸವಿಲ್ಲದ ಜಿಲ್ಲೆಯ ದರ ಕಡಿಮೆಯಾಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಧಾರವಾಡದ ಸಪ್ತಾಪುರದಂಥ ಬಡಾವಣೆಗಳಲ್ಲಿ ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬಂದ ಯುವಕ ಯುವತಿಯರು ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ವರ್ಷಗಟ್ಟಲೆ ಓದುತ್ತಿದ್ದಾರೆ. ಅವರನ್ನು ವಿದ್ಯಾರ್ಥಿ ಎನ್ನಬೇಕೋ ನಿರುದ್ಯೋಗಿ ಎನ್ನಬೇಕೋ ಎಂಬುದು ಸಮೀಕ್ಷೆಯ ಪ್ರಶ್ನೆಗೆ ಅವರು ಕೊಡುವ ಉತ್ತರವನ್ನು ಅವಲಂಬಿಸಿರುತ್ತದೆ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯಿಂದ ಕೆಎಎಸ್‌ವರೆಗೆ ಯಾವುದಕ್ಕೂ ಸಿದ್ಧರಾಗಿ ಕೂತವರನ್ನು ಓದುವವರ ಸಾಲಿಗೆ ಸೇರಿಸಿಬಿಟ್ಟರೆ ನಮ್ಮ ಕಾಲದ ಅತಿ ದೀರ್ಘ ನಿರುದ್ಯೋಗವೇ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ.

ಇಲ್ಲಿಂದ ನಾವು ಅವಧಿಯ ಪ್ರಶ್ನೆಗೆ ಬಂದೆವು. ನಿರುದ್ಯೋಗಿಗಳ ಸಂಖ್ಯೆಯನ್ನು ಕೆರೆಯ ನೀರಿನ ಮಟ್ಟಕ್ಕೆ ಹೋಲಿಸಬಹುದು. ಹಳ್ಳದಿಂದ ನೀರು ಬರುತ್ತಿರುತ್ತದೆ, ತೂಬಿನಿಂದ ಹೋಗುತ್ತಿರುತ್ತದೆ. ಎರಡು ಕೆರೆಗಳ ಮಟ್ಟ ಒಂದೇ ಇದ್ದರೂ ಒಂದರಲ್ಲಿ ನೀರು ಹರಿಯುತ್ತಿರಬಹುದು, ಇನ್ನೊಂದರಲ್ಲಿ ನಿಂತಿರಬಹುದು. ಲೆಕ್ಕದಲ್ಲಿ ಹೇಳುವುದಾದರೆ, ಒಂದು ಊರಿನಲ್ಲಿ ಪ್ರತಿ ತಿಂಗಳು 1,200 ಮಂದಿ ಕೆಲಸ ಕಳೆದುಕೊಂಡು, ಅವರೆಲ್ಲ ಒಂದು ತಿಂಗಳಲ್ಲಿ ಬೇರೆ ಕೆಲಸ ಹಿಡಿಯುತ್ತಾರೆ ಎನ್ನೋಣ. ಇನ್ನೊಂದು ಊರಿನಲ್ಲಿ ಪ್ರತಿ ತಿಂಗಳು 100 ಮಂದಿ ಮಾತ್ರ ಕೆಲಸ ಕಳೆದುಕೊಂಡು, ಪ್ರತಿಯೊಬ್ಬರೂ ಹನ್ನೆರಡು ತಿಂಗಳು ಅಲೆಯುತ್ತಾರೆ. ಯಾವ ದಿನ ಹೋಗಿ ಎಣಿಸಿದರೂ ಎರಡೂ ಊರುಗಳಲ್ಲಿ 1,200 ನಿರುದ್ಯೋಗಿಗಳೇ ಸಿಗುತ್ತಾರೆ, ಕಾರ್ಮಿಕ ಬಲ ಸಮನಾಗಿದ್ದರೆ ದರವೂ ಒಂದೇ. ಆದರೆ ಮೊದಲ ಊರಿನಲ್ಲಿ ವರ್ಷಕ್ಕೆ 14,400 ಬಾರಿ ಯಾರೋ ಒಬ್ಬರು ಅಲ್ಪಕಾಲದ ಕಷ್ಟ ಅನುಭವಿಸುತ್ತಾರೆ. ಎರಡನೆಯ ಊರಿನಲ್ಲಿ ಕೆಲವೇ ಮಂದಿ ವರ್ಷವಿಡೀ ಬೇಯುತ್ತಾರೆ. ಮೊದಲ ಊರಿಗೆ ಬೇಕಾದದ್ದು ಕೆಲಸದ ಭದ್ರತೆ ಮತ್ತು ಒಂದು ತಿಂಗಳ ಆಸರೆ. ಎರಡನೆಯದಕ್ಕೆ ಬೇಕಾದದ್ದು ಹೊಸ ಕಸುಬಿನ ತರಬೇತಿ, ಹೊಸ ಉದ್ಯಮ, ಅಥವಾ ಬೇರೆ ಊರಿಗೆ ಹೋಗಿ ನೆಲೆಸಲು ನೆರವು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಹಣವೂ ಹೋಗುತ್ತದೆ, ರೋಗವೂ ಉಳಿಯುತ್ತದೆ.

ಇದು ಕೇವಲ ಊಹೆಯ ಲೆಕ್ಕವಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಬಳಿ, ನಿರುದ್ಯೋಗಿಗಳು ಎಷ್ಟು ವಾರಗಳಿಂದ ಕೆಲಸವಿಲ್ಲದೆ ಇದ್ದಾರೆ ಎಂಬುದರ ಲೆಕ್ಕ 1948ರಿಂದ ಇದೆ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಹೊತ್ತಿನಲ್ಲಿ, ಅಲ್ಲಿನ ನಿರುದ್ಯೋಗ ದರ ಶೇ 14.8ಕ್ಕೆ ನೆಗೆಯಿತು. ಆದರೆ ನಿರುದ್ಯೋಗಿಗಳನ್ನು ಅವಧಿಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವಿನಲ್ಲಿ ನಿಂತವರು ಕೆಲಸ ಕಳೆದುಕೊಂಡು ಎರಡು ವಾರವಷ್ಟೇ ಆಗಿತ್ತು. 2010ರ ಜೂನ್‌ನಲ್ಲಿ, ಹಣಕಾಸು ಬಿಕ್ಕಟ್ಟಿನ ನಂತರ, ದರ ಶೇ 10ಕ್ಕಿಂತ ಕಡಿಮೆ ಇದ್ದರೂ ಅದೇ ನಡುವಿನ ಅಂಕಿ 25 ವಾರ ದಾಟಿತ್ತು. ದರವನ್ನಷ್ಟೇ ನೋಡುವವರಿಗೆ 2020 ಹೆಚ್ಚು ಭೀಕರ. ಅವಧಿಯನ್ನೂ ನೋಡುವವರಿಗೆ ಎರಡೂ ಬೇರೆ ಬೇರೆ ಜಾತಿಯ ಸಂಕಟಗಳು. 2020ರ ಏರಿಕೆ ಬೇಗ ಇಳಿಯಿತು, 2010ರದು ವರ್ಷಗಟ್ಟಲೆ ಎಳೆಯಿತು. ಅಂದಹಾಗೆ, ದೀರ್ಘಾವಧಿ ನಿರುದ್ಯೋಗ ಎಂಬುದಕ್ಕೆ ಅಮೆರಿಕ 27 ವಾರಗಳ ಗೆರೆ ಎಳೆಯುತ್ತದೆ, ಯುರೋಪಿನ ದೇಶಗಳು ಹನ್ನೆರಡು ತಿಂಗಳ ಗೆರೆ ಎಳೆಯುತ್ತವೆ. ಎರಡನ್ನು ಹೋಲಿಸುವಾಗ ಇದನ್ನು ನೆನಪಿಡಬೇಕು.

ಅವಧಿಯ ಅಂಕಿಗಳಲ್ಲಿ ಓದುಗರನ್ನು ಹೆಚ್ಚು ಎಡವಿಸುವ ಒಂದು ಸಂಗತಿ ಇದೆ. ಮದುವೆಮನೆಗೆ ಯಾವುದೋ ಒಂದು ಹೊತ್ತಿನಲ್ಲಿ ಹೋಗಿ ಅಲ್ಲಿರುವವರನ್ನು ಎಣಿಸಿ. ಊಟ ಮಾಡಿ ಹೊರಟವರಿಗಿಂತ, ಮೂರು ದಿನ ಮುಂಚೆ ಬಂದು ಉಳಿದ ನೆಂಟರೇ ಹೆಚ್ಚಾಗಿ ಎಣಿಕೆಗೆ ಸಿಗುತ್ತಾರೆ, ಮದುವೆಗೆ ಬಂದವರಲ್ಲಿ ಅವರ ಪಾಲು ಚಿಕ್ಕದಾಗಿದ್ದರೂ ಸಹ. ನಿರುದ್ಯೋಗದಲ್ಲೂ ಹಾಗೆಯೇ. ಒಂದು ಊರಿನಲ್ಲಿ ಪ್ರತಿ ತಿಂಗಳು ನೂರು ಮಂದಿ ಕೆಲಸ ಕಳೆದುಕೊಂಡು, ಅವರಲ್ಲಿ ತೊಂಬತ್ತು ಮಂದಿ ಒಂದು ತಿಂಗಳಲ್ಲಿ ಕೆಲಸ ಕಂಡುಕೊಂಡು, ಹತ್ತು ಮಂದಿ 24 ತಿಂಗಳು ಕಾಯುತ್ತಾರೆ ಎನ್ನೋಣ. ಎಣಿಕೆಯ ದಿನ ಮೊದಲ ಬಗೆಯವರು 90, ಎರಡನೆಯ ಬಗೆಯವರು 240 ಮಂದಿ ಇರುತ್ತಾರೆ. ಹೊಸದಾಗಿ ಬಂದವರಲ್ಲಿ ಹತ್ತನೇ ಒಂದು ಪಾಲು ಇದ್ದವರು, ಎಣಿಕೆಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಬಂದರು. ಅಷ್ಟೇ ಅಲ್ಲ, ಆ 240 ಮಂದಿಯನ್ನು ‘ಎಷ್ಟು ತಿಂಗಳಾಯಿತು’ ಎಂದು ಕೇಳಿದರೆ ಸರಾಸರಿ ಹನ್ನೆರಡು ಎಂಬ ಉತ್ತರ ಬರುತ್ತದೆ, ಏಕೆಂದರೆ ಅವರ ಕಾಯುವಿಕೆ ಇನ್ನೂ ಅರ್ಧ ದಾರಿಯಲ್ಲಿದೆ. ಆದ್ದರಿಂದ ‘ನಿರುದ್ಯೋಗಿಗಳಲ್ಲಿ ಇಷ್ಟು ಪಾಲು ದೀರ್ಘಾವಧಿಯವರು’ ಎಂಬ ವಾಕ್ಯವೂ, ‘ಕೆಲಸ ಕಳೆದುಕೊಂಡವರಲ್ಲಿ ಇಷ್ಟು ಮಂದಿ ದೀರ್ಘಕಾಲ ಅಲೆಯುತ್ತಾರೆ’ ಎಂಬ ವಾಕ್ಯವೂ ಒಂದೇ ಅಲ್ಲ.

ಕಾಲ ಕಳೆದಂತೆ ಕೆಲಸ ಸಿಗುವುದು ಕಷ್ಟವಾಗುತ್ತದೆ ಎಂಬುದು ಎಲ್ಲರ ಅನುಭವ. ಆದರೆ ಕಾರಣ ಯಾವುದು? ಬೇಗ ಕೆಲಸ ಸಿಗುವಂಥವರು ಮೊದಲೇ ಹೊರಟುಹೋಗಿ, ಮೊದಲಿನಿಂದಲೂ ಅವಕಾಶ ಕಡಿಮೆ ಇದ್ದವರೇ ಉಳಿದುಕೊಳ್ಳುವುದರಿಂದ ಹಾಗೆ ಕಾಣಬಹುದು. ಅಥವಾ ಖಾಲಿ ಕೂತ ಅವಧಿಯೇ ಮನುಷ್ಯನ ಅವಕಾಶವನ್ನು ಕೊರೆದು ತಿನ್ನಬಹುದು. ಕೋರಿ ಕ್ರಾಫ್ಟ್, ಫೇಬಿಯನ್ ಲಾಂಗೆ ಮತ್ತು ಮ್ಯಾಥ್ಯೂ ನೊಟೊವಿಡಿಗ್ಡೊ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನೂರು ದೊಡ್ಡ ನಗರ ಪ್ರದೇಶಗಳಲ್ಲಿ ಸುಮಾರು 3,000 ಹುದ್ದೆಗಳಿಗೆ ಸುಮಾರು 12,000 ಕಾಲ್ಪನಿಕ ಅರ್ಜಿಗಳನ್ನು ಕಳುಹಿಸಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅರ್ಹತೆ ಒಂದೇ ಬಗೆಯದಾಗಿದ್ದು, ಕೆಲಸವಿಲ್ಲದೆ ಕಳೆದ ತಿಂಗಳುಗಳಷ್ಟೇ ಬೇರೆಯಾಗಿದ್ದಾಗಲೂ, ಮೊದಲ ಎಂಟು ತಿಂಗಳಲ್ಲಿ ಸಂದರ್ಶನಕ್ಕೆ ಕರೆ ಬರುವ ಸಾಧ್ಯತೆ ಗಣನೀಯವಾಗಿ ಕುಸಿಯಿತು. ಕೆಲಸ ಹೇರಳವಾಗಿರುವ ನಗರಗಳಲ್ಲಿ ಈ ಕುಸಿತ ಇನ್ನೂ ಕಡಿದಾಗಿತ್ತು. ಎಲ್ಲರಿಗೂ ಕೆಲಸ ಸಿಗುತ್ತಿರುವ ಊರಿನಲ್ಲಿ ಎಂಟು ತಿಂಗಳು ಖಾಲಿ ಇದ್ದವನನ್ನು ಕಂಡರೆ ಮಾಲೀಕ ‘ಇವನಲ್ಲೇ ಏನೋ ಕೊರತೆ ಇರಬೇಕು’ ಎಂದುಕೊಳ್ಳುತ್ತಾನೆ. ಯಾರಿಗೂ ಕೆಲಸವಿಲ್ಲದ ಊರಿನಲ್ಲಿ ಅಂಥ ಅನುಮಾನಕ್ಕೆ ಆಸ್ಪದ ಕಡಿಮೆ. ಪ್ರದೇಶ ಮತ್ತು ಅವಧಿ ಎಂಬ ಎರಡು ಎಳೆಗಳು ಹೀಗೆ ಒಂದರೊಳಗೊಂದು ಹೆಣೆದುಕೊಂಡಿವೆ. ನಮ್ಮಲ್ಲಿ ಐದಾರು ವರ್ಷ ಪರೀಕ್ಷೆ ಬರೆದು, ವಯೋಮಿತಿ ಮೀರಿ, ಖಾಸಗಿ ಕಂಪನಿಯ ಸಂದರ್ಶನದಲ್ಲಿ ‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ’ ಎಂಬ ಪ್ರಶ್ನೆ ಎದುರಿಸುವ ಅಭ್ಯರ್ಥಿಗಳನ್ನು ನೆನೆದಾಗಲೆಲ್ಲ ಈ ಪ್ರಯೋಗ ನನ್ನ ಮನಸ್ಸಿಗೆ ಬರುತ್ತದೆ.

ಹಾಗಾದರೆ ಜಿಲ್ಲೆ, ವಯಸ್ಸು, ಅವಧಿ ಮೂರನ್ನೂ ಸೇರಿಸಿದ ಕೋಷ್ಟಕವನ್ನು ಏಕೆ ಪ್ರಕಟಿಸಬಾರದು? ಅಡ್ಡಿ ಇರುವುದು ಮಾದರಿಯ ಗಾತ್ರದಲ್ಲಿ. 2023-24ರ ಸಮೀಕ್ಷೆ ಇಡೀ ದೇಶದಲ್ಲಿ 1,01,957 ಕುಟುಂಬಗಳ 4,18,159 ಜನರನ್ನು ಮಾತನಾಡಿಸಿತು. ಸಂಖ್ಯೆ ದೊಡ್ಡದು, ಆದರೆ ಒಂದು ಜಿಲ್ಲೆಯ ಪಾಲಿಗೆ 600 ಮಂದಿ ಬಂದರು ಎನ್ನೋಣ. ಅವರಲ್ಲಿ ಕಾರ್ಮಿಕ ಬಲದೊಳಗೆ ಇರುವವರು ಸುಮಾರು 300, ಅದರಲ್ಲಿ ಶೇ 3ರಂತೆ ನಿರುದ್ಯೋಗಿಗಳು ಒಂಬತ್ತು. ಆ ಒಂಬತ್ತು ಮಂದಿಯನ್ನು ಮೂರು ವಯೋಗುಂಪು, ಮೂರು ಅವಧಿಗಳಾಗಿ ಹಂಚಿದರೆ ಕೋಷ್ಟಕದ ಒಂದು ಮನೆಗೆ ಒಬ್ಬರು. ಒಬ್ಬರಿಗೆ ಕೆಲಸ ಸಿಕ್ಕರೆ ಆ ಮನೆ ಸೊನ್ನೆ. ಇಂಥ ಕೋಷ್ಟಕದಿಂದ ಯಾವ ತೀರ್ಮಾನವನ್ನೂ ಎಳೆಯಲಾಗದು. 2025ರ ಜನವರಿಯಿಂದ ಸಮೀಕ್ಷೆಯ ಮಾದರಿಯನ್ನು ಸುಮಾರು 2.72 ಲಕ್ಷ ಕುಟುಂಬಗಳಿಗೆ ಹಿಗ್ಗಿಸಿ, ಮಾದರಿ ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕವಾಗಿ ಇಟ್ಟುಕೊಂಡಿದ್ದಾರೆ. ಆಯ್ದ ಕುಟುಂಬವನ್ನು ಸತತ ನಾಲ್ಕು ತಿಂಗಳು ನಾಲ್ಕು ಬಾರಿ ಭೇಟಿ ಮಾಡುತ್ತಾರೆ. ಇದು ನಿಜವಾಗಿಯೂ ಒಳ್ಳೆಯ ಬದಲಾವಣೆ. ಒಬ್ಬರನ್ನೇ ನಾಲ್ಕು ತಿಂಗಳು ಹಿಂಬಾಲಿಸಿದರೆ ಕೆರೆಗೆ ಬಂದ ನೀರೆಷ್ಟು, ತೂಬಿನಿಂದ ಹೋದದ್ದೆಷ್ಟು ಎಂಬುದು ಸ್ವಲ್ಪವಾದರೂ ಕಾಣುತ್ತದೆ.

ಜರ್ಮನಿಯಂಥ ದೇಶಗಳಿಗೆ ಈ ಕಷ್ಟವಿಲ್ಲ. ಅಲ್ಲಿ ನಿರುದ್ಯೋಗ ವಿಮೆ ಇರುವುದರಿಂದ ಕೆಲಸ ಕಳೆದುಕೊಂಡವರು ತಾವಾಗಿಯೇ ನೋಂದಾಯಿಸಿಕೊಳ್ಳುತ್ತಾರೆ, ನ್ಯೂರೆಂಬರ್ಗ್‌ನಲ್ಲಿರುವ ಉದ್ಯೋಗ ಸಂಸ್ಥೆ 25ರೊಳಗಿನವರು, 55 ದಾಟಿದವರು, ವರ್ಷ ಮೀರಿ ಕಾದವರು ಎಂದು ಜಿಲ್ಲಾವಾರು ಅಂಕಿಗಳನ್ನು ಪ್ರತಿ ತಿಂಗಳು ಹೊರಡಿಸುತ್ತದೆ. ನಮ್ಮ ಉದ್ಯೋಗ ವಿನಿಮಯ ಕೇಂದ್ರಗಳ ನೋಂದಣಿ ಆ ಕೆಲಸಕ್ಕೆ ಬರುವುದಿಲ್ಲ. ಕೆಲಸ ಸಿಕ್ಕವರ ಹೆಸರು ಅಲ್ಲಿ ಉಳಿದಿರುತ್ತದೆ, ಕೆಲಸವಿಲ್ಲದ ಅನೇಕರ ಹೆಸರು ಅಲ್ಲಿ ಇರುವುದೇ ಇಲ್ಲ.

ಈ ಹಿನ್ನೆಲೆಯಲ್ಲಿ ಕರ್ನಾಟಕದ ಯುವನಿಧಿ ಯೋಜನೆಯನ್ನು ನೋಡಬೇಕೆಂದು ನನಗೆ ತೋರುತ್ತದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ವರ್ಗಾವಣೆಗೆ ಚಾಲನೆ ಪಡೆದ ಈ ಯೋಜನೆಯ ಅರ್ಹತೆಯೇ ಅವಧಿಯ ಮೇಲೆ ನಿಂತಿದೆ: ಪದವಿ ಅಥವಾ ಡಿಪ್ಲೊಮಾ ಪಡೆದು 180 ದಿನ ಕಳೆದರೂ ಕೆಲಸ ಸಿಗದವರಿಗೆ, ಪದವೀಧರರಾದರೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಾದರೆ 1,500 ರೂಪಾಯಿ, ಗರಿಷ್ಠ ಎರಡು ವರ್ಷದವರೆಗೆ. ಇದರ ಕಣ್ಣಿಗೆ ಗಾರ್ಮೆಂಟ್ಸ್ ಕೆಲಸ ಕಳೆದುಕೊಂಡ ನಲವತ್ತೈದರ ಹೆಂಗಸು ಬೀಳುವುದಿಲ್ಲ, ಗುಳೆ ಹೊರಟ ಕುಟುಂಬವೂ ಬೀಳುವುದಿಲ್ಲ. ಆದರೂ ಯಾವ ಸಮೀಕ್ಷೆಯಲ್ಲೂ ಸುಲಭವಾಗಿ ಸಿಗದ ಒಂದು ವಸ್ತು ಇದರ ದಾಖಲೆಗಳಲ್ಲಿದೆ. ಪ್ರತಿಯೊಬ್ಬ ಫಲಾನುಭವಿಯ ಊರು, ಓದು, ತೇರ್ಗಡೆಯಾದ ವರ್ಷ ಅಲ್ಲಿದೆ. ಇನ್ನೂ ಕೆಲಸ ಸಿಕ್ಕಿಲ್ಲ ಎಂದು ಅವರು ಕಾಲಕಾಲಕ್ಕೆ ಸ್ವಯಂ ಘೋಷಣೆ ಕೊಡುತ್ತಾರೆ. ಯಾವ ತಾಲ್ಲೂಕಿನ, ಯಾವ ಓದಿನ ಯುವಜನರು ಎಂಟನೇ ತಿಂಗಳಲ್ಲಿ ಪಟ್ಟಿಯಿಂದ ಹೊರಟರು, ಯಾರು ಇಪ್ಪತ್ತನಾಲ್ಕನೇ ತಿಂಗಳವರೆಗೂ ಉಳಿದರು ಎಂಬುದನ್ನು ಹೆಸರುಗಳಿಲ್ಲದೆ, ಬರೀ ಎಣಿಕೆಯಾಗಿ ತೆಗೆದು ಪ್ರಕಟಿಸಬಹುದು. ಹಾಗೆ ಪ್ರಕಟಿಸುವಾಗ ಒಂದು ವಿಂಗಡಣೆ ಮಾತ್ರ ತಪ್ಪಬಾರದು: ಕೆಲಸ ಸಿಕ್ಕಿ ಪಟ್ಟಿ ಬಿಟ್ಟವರು ಒಂದು ಕಡೆ, ಎರಡು ವರ್ಷ ತುಂಬಿತೆಂಬ ಕಾರಣಕ್ಕೆ ಹೆಸರು ಕೈಬಿಡಲಾದವರು ಇನ್ನೊಂದು ಕಡೆ.